ಐದನೇ ನಾಣ್ಯದ ವಿಮಾನ

ಜನವರಿ ೯, ಗುರುವಾರ

ಗೇಟಿನಲ್ಲಿ ಮತ್ತೆ ತಡ. ಕೋಟಿನ ಅಸ್ತರು ಹರಿದು ಒಂದು ಚಿಲ್ಲರೆ ನಾಣ್ಯ ಒಳಗೆ ಇಳಿದುಬಿಟ್ಟಿತ್ತು, ನನಗೇ ಗೊತ್ತಿಲ್ಲ. ತಪಾಸಣೆ ಯಂತ್ರ ಕೀಂಯ್ ಎಂದಿತು. ಟಂಕಸಾಲೆಯ ನಿಯಮ — ಒಳಗೆ ಹೋಗುವಾಗ ಒಂದು ಕಾಸೂ ಇರಕೂಡದು, ಹೊರಗೆ ಬರುವಾಗಲೂ ಇರಕೂಡದು. ಫೋನೂ ಗೇಟಿನಲ್ಲೇ. ಕಾವಲಿನ ಹೆಂಗಸು ಅಸ್ತರು ಬಿಚ್ಚಿಸಿ, ನಾಣ್ಯ ತೆಗೆದು, ಎಲ್ಲರೆದುರು ಎತ್ತಿ ಹಿಡಿದಳು.

‘ಏನಕ್ಕಾ, ನೀವೇ ಕೆತ್ತಿದ್ದನ್ನ ನೀವೇ ಕದೀತೀರಾ?’

ಕ್ಯೂ ಪೂರ್ತಿ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡುವುದು.

ಮನೆಗೆ ಬಂದು ಹೇಳಿದರೆ ಇವರದು ಇನ್ನೂ ದೊಡ್ಡ ನಗು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಅಲ್ಲವೇ, ಊರಿಗೆಲ್ಲ ಕಾಸು ಮಾಡಿಕೊಡುವವಳ ಪರ್ಸಿನಲ್ಲಿ ಬಸ್ಸಿಗೆ ಚಿಲ್ಲರೆ ಇರುವುದಿಲ್ಲ ಎಂಬುದು ಇವರ ಹಳೇ ತಮಾಷೆ.

ಮುಖ್ಯ ವಿಷಯ ಬರೆಯುವುದನ್ನೇ ಮುಂದೂಡುತ್ತಿದ್ದೇನೆ. ಹೊಸ ಕೆಲಸ ಬಂದಿದೆ. ವಾಯುಪಡೆಯ ವಿಮಾನಗಳ ಸ್ಮರಣಾರ್ಥ ನಾಣ್ಯಗಳು. ಬೆಳ್ಳಿ. ಒಟ್ಟು ಐದು. ನಮ್ಮ ಕೆತ್ತನೆ ವಿಭಾಗದ ಮುಖ್ಯಸ್ಥರು — ಲೆನ್ಸ್ ಸಾಹೇಬರು, ಊಟಕ್ಕೆ ಕೂತಾಗಲೂ ಹಣೆಯ ಮೇಲಿನ ಭೂತಗನ್ನಡಿ ತೆಗೆಯುವುದಿಲ್ಲ — ಕೆಲಸ ಹಂಚಿದರು. ಫೈಟರ್‌ಗಳಿಗೆ ಕಿತ್ತಾಟ. ಒಬ್ಬನಿಗೆ ಹೆಲಿಕಾಪ್ಟರ್, ಒಬ್ಬನಿಗೆ ಹೊಟ್ಟೆ ದೊಡ್ಡದಿರುವ ಸರಕು ವಿಮಾನ. ಕೊನೆಗೆ ಉಳಿದದ್ದು ನನ್ನ ಮೇಜಿಗೆ ಬಂತು. ತರಬೇತಿ ವಿಮಾನ.

‘ನಿಮ್ಮ ಮನೆ ವಿಮಾನ ಅಲ್ವೇನಮ್ಮ? ಅದಕ್ಕೇ ನಿಮಗೇ ಇಟ್ಟೆ’ ಎಂದರು.

ಏನೋ ಉಪಕಾರ ಮಾಡಿದ ಮುಖ. ಥ್ಯಾಂಕ್ಸ್ ಎಂದೆ. ಆದೇಶದ ಹಾಳೆಯನ್ನು ಓದದೆ ಡ್ರಾಯರಿಗೆ ಹಾಕಿದೆ.

ಜನವರಿ ೧೪, ಮಂಗಳವಾರ

ಫೋಟೋಗಳು ಬಂದವು. ಮೇಜಿನ ಹಿಂದಿನ ಗೋಡೆಗೆಲ್ಲ ಚುಚ್ಚಿಕೊಂಡೆ. ಪಕ್ಕದಿಂದ, ಮೇಲಿಂದ, ರೆಕ್ಕೆಯ ಬುಡ, ಬಾಲ. ಒಂದರಲ್ಲಿ ರೆಕ್ಕೆಗೆ ಒರಗಿಕೊಂಡು ಒಬ್ಬ ನಿಂತಿದ್ದಾನೆ. ರೆಕ್ಕೆ ಅವನ ಸೊಂಟಕ್ಕೆ ಬರುತ್ತದೆ, ಅಷ್ಟೇ!

ಇಷ್ಟು ಸಣ್ಣದಾ? ಮುಂದೆ ಒಂದು ಪ್ರೊಪೆಲ್ಲರ್, ಅಕ್ಕಪಕ್ಕ ಎರಡು ಸೀಟು, ಮಡಚಲು ಬಾರದ ಮೂರು ಚಕ್ರ. ಇವರ ಡಿಪೋದ ಬಸ್ಸಿನೊಳಗೆ ರೆಕ್ಕೆ ಕಳಚಿ ತುರುಕಬಹುದು. ಇದರಲ್ಲಿ ನನ್ನ ಮಗಳು ಮೇಲೆ ಹೋಗುತ್ತಾಳೆ.

ಮೊಳೆ. ಹುಟ್ಟಿದಾಗ ಅಷ್ಟು ಸಣಕಲಾಗಿದ್ದಳು, ಇವರು ಕೈಯಲ್ಲಿ ಎತ್ತಿಕೊಂಡು ‘ಇದೇನೇ, ಮೊಳೆ ಹೆತ್ತಿದ್ದೀಯ’ ಎಂದರು. ಅದೇ ಹೆಸರಾಯಿತು. ಈಗ ಇಪ್ಪತ್ತೆರಡು. ಹೋದ ವರ್ಷ ವಾಯುಪಡೆಯ ಆಯ್ಕೆ ಪತ್ರ ಬಂದ ದಿನ ಇವರು ಬೀದಿಗೆಲ್ಲ ಸಿಹಿ ಹಂಚಿದರು. ನಾನು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಅವಳ ಬಟ್ಟೆ ಇಸ್ತ್ರಿ ಮಾಡಿ ಪೆಟ್ಟಿಗೆಗೆ ತುಂಬಿದೆ. ಅದನ್ನೇ ಒಪ್ಪಿಗೆ ಎಂದುಕೊಂಡಳೋ ಏನೋ.

ಪ್ಲಾಸ್ಟರ್ ತಟ್ಟೆ ಎರಕ ಹೊಯ್ದಿಟ್ಟೆ. ಒಂದು ಗೇಣು ಅಗಲ. ನಾಳೆ ಮೂಗಿನಿಂದ ಶುರು.

ಜನವರಿ ೨೮, ಮಂಗಳವಾರ

ವಿಮಾನ ಮೇಲೆದ್ದು ಬರುತ್ತಿದೆ. ಸುತ್ತ ಕೆರೆದಂತೆ ಕೆರೆದಂತೆ ಅದೇ ಉಬ್ಬಿ ಬರುತ್ತದೆ. ಇಷ್ಟು ವರ್ಷವಾದರೂ ಈ ಘಳಿಗೆಗೆ ಅಭ್ಯಾಸವಾಗಿಲ್ಲ. ಬರಿ ಬಿಳಿ ತಟ್ಟೆ ಇತ್ತು. ಈಗ ನೋಡಿದರೆ ರೆಕ್ಕೆ. ನಾನು ಮಾಡಿದ್ದಲ್ಲ, ಒಳಗೆ ಇತ್ತು, ನಾನು ದಾರಿ ಬಿಟ್ಟುಕೊಟ್ಟೆ — ಹಾಗನ್ನಿಸುತ್ತದೆ. ಲೆನ್ಸ್ ಸಾಹೇಬರಿಗೆ ಹೇಳಿದರೆ ಸಂಬಳ ಕಡಿಮೆ ಮಾಡಿಯಾರು.

ರೆಕ್ಕೆಯ ಬುಡದಲ್ಲಿ, ದೇಹಕ್ಕೆ ಸೇರುವ ಕಡೆ, ಫೋಟೋದಲ್ಲಿ ಒಂದು ಪುಟ್ಟ ಉಬ್ಬು ಕಾಣುತ್ತದೆ. ಯಾವುದೋ ಮುಚ್ಚಳ ಇರಬೇಕು. ಅದನ್ನೂ ಬಿಡದೆ ಮಾಡಿದೆ.

ಫೆಬ್ರವರಿ ೩, ಸೋಮವಾರ

ನಿನ್ನೆ ಮೊಳೆಯ ಫೋನ್. ಭಾನುವಾರ ಮಾತ್ರ ಅವರಿಗೆ ಫೋನ್ ಕೊಡುತ್ತಾರೆ. ದನಿ ಸಣ್ಣಗಿತ್ತು.

‘ಚೆಕ್ ಫೇಲಾಯ್ತಮ್ಮ. ಎಲ್ಲಾ ಸರಿಯಾಗೇ ಮಾಡಿದೆ. ಇಳಿಸೋವಾಗ ಬಡಿದುಬಿಟ್ಟೆ. ಚೆಂಡಿನ ಹಾಗೆ ಪುಟಿದು ಬಂತು.’

‘ಪೆಟ್ಟಾಯ್ತಾ?’

‘ನನಗೇನಿಲ್ಲ. ಮೀಸೆಯವರ ಟೋಪಿ ಬಿತ್ತು.’ ಮೀಸೆಯವರೆಂದರೆ ಅವಳ ಪಕ್ಕದ ಸೀಟಿನಲ್ಲಿ ಕೂರುವ ಶಿಕ್ಷಕರು.

ವಿಷಯ ಇಷ್ಟು. ಒಬ್ಬಳೇ ಹಾರಲು ಬಿಡುವ ಮೊದಲು ಪರೀಕ್ಷೆ. ಮೂರು ಅವಕಾಶ. ಮೂರೂ ಹೋದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಮತ್ತೆ ಹಾರಾಟದ ಹೆಸರೆತ್ತುವ ಹಾಗಿಲ್ಲ.

ಫೋನ್ ಇಟ್ಟ ಮೇಲೆ ಇವರು ಮಂಕಾಗಿ ಕೂತರು. ನಾನು ಅಡುಗೆಮನೆಗೆ ಹೋದೆ. ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಖುಷಿಯಾಯಿತು. ನೀರು ಕುಡಿದೆ. ಖುಷಿ ಹೋಗಲಿಲ್ಲ.

ಫೆಬ್ರವರಿ ೬, ಗುರುವಾರ

ನನ್ನ ಪ್ಲಾಸ್ಟರ್ ಮಾದರಿ ಟಂಕಸಾಲೆಯ ಸಮಿತಿಯಲ್ಲಿ ಪಾಸು. ಮೊಳೆ ಫೇಲು, ನಾನು ಪಾಸು.

ಮಾದರಿಯನ್ನು ಕುಗ್ಗಿಸುವ ಯಂತ್ರಕ್ಕೆ ಏರಿಸಿದರು. ನಾವು ಅದಕ್ಕೆ ಮುದುಕ ಎನ್ನುತ್ತೇವೆ, ಅಷ್ಟು ಹಳೆಯದು, ಅಷ್ಟೇ ಗೊಣಗಾಟ. ಒಂದು ತುದಿಯಲ್ಲಿ ಸೂಜಿ, ನನ್ನ ದೊಡ್ಡ ವಿಮಾನದ ಮೇಲೆ ಸುತ್ತು ಸುತ್ತು ತೆವಳುತ್ತದೆ. ಇನ್ನೊಂದು ತುದಿಯಲ್ಲಿ ಉಳಿ, ಉಕ್ಕಿನ ತುಂಡಿನ ಮೇಲೆ ಅದನ್ನೇ ನಾಣ್ಯದ ಅಳತೆಯಲ್ಲಿ ಕೊರೆಯುತ್ತದೆ. ಸೂಜಿ ಒಂದು ಬೆರಳು ಏರಿದರೆ ಉಳಿ ಕೂದಲೆಳೆಯಷ್ಟು ಏರುತ್ತದೆ. ಅವಸರವಿಲ್ಲ, ಮರೆವಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ನೋಡಿದೆ. ಉಕ್ಕಿನಲ್ಲಿ ಮೊದಲು ಬಾಲ ಕಂಡಿತು. ಆಮೇಲೆ ಚಕ್ರ. ಊಟದ ಗಂಟೆ ಹೊಡೆದದ್ದೇ ಕೇಳಿಸಲಿಲ್ಲ.

ಇದು ಮೂಲ ಅಚ್ಚು. ಇದರಿಂದ ಮಿಕ್ಕೆಲ್ಲ ಅಚ್ಚುಗಳು. ಇದಕ್ಕೆ ಬೆಂಕಿಯಲ್ಲಿ ಹದ ಕೊಟ್ಟು ಗಟ್ಟಿ ಮಾಡುವ ಮೊದಲು, ಕೆತ್ತಿದವರು ನಿಜವಾದ ವಸ್ತುವನ್ನು ಕಣ್ಣಾರೆ ನೋಡಿ ಬರಬೇಕು. ಲೆನ್ಸ್ ಸಾಹೇಬರ ಕಟ್ಟಳೆ. ಹೂವಾದರೆ ಹೂವು, ಸೇತುವೆಯಾದರೆ ಸೇತುವೆ. ನನಗೆ ವಿಮಾನ. ಅನುಮತಿಗೆ ಬರೆದಿದ್ದಾರೆ.

ಫೆಬ್ರವರಿ ೧೯, ಬುಧವಾರ

ಎರಡನೆಯದೂ ಫೇಲು. ಅದೇ ತಪ್ಪು. ಈ ಸಲ ಭಾನುವಾರದ ತನಕ ಕಾಯಲಿಲ್ಲ, ಮೀಸೆಯವರೇ ಫೋನ್ ಕೊಟ್ಟು ಮಾತಾಡಿಸಿದರಂತೆ. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

‘ಇನ್ನೊಂದೇ ಇರೋದು ಅಮ್ಮ’ ಎಂದಳು.

ಬೆಳಿಗ್ಗೆ ಎದ್ದವಳೇ ಅವಳ ಕೋಣೆ ಗುಡಿಸಿದೆ. ಹಾಸಿಗೆ ಎತ್ತಿ ಬಿಸಿಲಿಗೆ ಹಾಕಿದೆ. ದಿಂಬಿನ ಕವರು ಒಗೆದೆ. ಇವರು ಶೂ ಹಾಕಿಕೊಳ್ಳುತ್ತಾ ನೋಡಿದರು.

‘ಯಾರೇ ಬರ್ತಿರೋದು?’

‘ಯಾರೂ ಇಲ್ಲ. ಧೂಳು ಹಿಡಿದಿತ್ತು.’

‘ಓಹೋ’ ಎಂದರು. ಒಂದು ಶೂ ಕಟ್ಟಿ ಇನ್ನೊಂದು ಕಟ್ಟದೆ ಕೂತರು. ‘ಅವಳು ಬಂದ್ರೆ ನಮ್ಮ ಮನೇಲಿ ಇರ್ತಾಳೆ ಕಣೇ. ಆದರೆ ಹೋದಾಗ ಇದ್ದ ಮೊಳೇನೇ ಬರ್ತಾಳೆ ಅಂತ ಗ್ಯಾರಂಟಿ ಇಲ್ಲ’ ಎಂದರು.

ನನಗೆ ರೇಗಿತು. ಮಗಳು ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬರಲಿ ಎಂದರೆ ಅದೂ ತಪ್ಪೇ?

ಫೆಬ್ರವರಿ ೨೧, ಶುಕ್ರವಾರ

ದೇವರ ಮುಂದೆ ದೀಪ ಹಚ್ಚಿ ನಿಂತೆ. ಬಾಯಲ್ಲಿ ಪಾಸಾಗಲಿ ಎಂದೆ. ಮನಸ್ಸು ಅಷ್ಟರಲ್ಲಿ ಬೇರೆಯದನ್ನೇ ಕೇಳಿಬಿಟ್ಟಿತ್ತು. ಎರಡರಲ್ಲಿ ಯಾವುದು ತಲುಪಿತೋ.

ಮಾರ್ಚ್ ೧೧, ಮಂಗಳವಾರ. ಬಸ್ಸಿನಲ್ಲಿ, ವಾಪಸ್ ಬರುತ್ತಾ

ಆದದ್ದು ಆದ ಹಾಗೆ ಬರೆದಿಡಬೇಕು.

ಹೋಗುವಾಗ ಮಾತೆಲ್ಲ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಮೊಳೆ, ಸಾಕು, ಬಾ. ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ. ಮೂರನೆಯದಕ್ಕೆ ಕೂರುವ ಮೊದಲೇ ನೀನಾಗಿಯೇ ಬಿಟ್ಟು ಬಂದರೆ ಮರ್ಯಾದೆಯೂ ಉಳಿಯುತ್ತದೆ. ಇಷ್ಟನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ.

ಮೊಳೆಯ ತರಬೇತಿ ಕೇಂದ್ರದ ಗೇಟಿನಲ್ಲಿ ಅನುಮತಿ ಪತ್ರ ತೋರಿಸಿದೆ. ಒಂದು ದೊಡ್ಡ ಶೆಡ್ಡಿಗೆ ಕರೆದುಕೊಂಡು ಹೋದರು. ಎಣ್ಣೆ ವಾಸನೆ, ತೊಳೆದ ಕಾಂಕ್ರೀಟಿನ ವಾಸನೆ. ಬಾಗಿಲಲ್ಲಿ ಅದು ನಿಂತಿತ್ತು. ತಿಂಗಳುಗಟ್ಟಲೆ ಭೂತಗನ್ನಡಿಯ ಕೆಳಗೆ ನೋಡಿದ್ದು, ಅಂಗುಲ ಅಂಗುಲ ಗೊತ್ತಿದ್ದದ್ದು. ನನಗಿಂತ ಎತ್ತರವಾಗಿ ನಿಂತಿತ್ತು. ಸಣ್ಣದು ಎಂದುಕೊಂಡಿದ್ದೆನಲ್ಲ... ಹತ್ತಿರ ಹೋದರೆ ಸಣ್ಣದಲ್ಲ. ಮುಟ್ಟಬಹುದಾ ಎಂದು ಕೇಳಿದೆ. ನಗಾಡಿದರು, ಮುಟ್ಟಿ ಎಂದರು. ರೆಕ್ಕೆಯ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು, ಕುದುರೆಯ ಮೈಯ ಹಾಗೆ. ರಿವೆಟ್‌ಗಳ ಸಾಲು ಬೆರಳಿಗೆ ಸಿಕ್ಕಿತು, ನಾನು ಕೆತ್ತಿದ ಜಾಗಗಳಲ್ಲೇ. ಸಂತೋಷಕ್ಕೆ ಕಣ್ಣು ತುಂಬಿತು.

ಹಿಂದಿನಿಂದ ಯಾರೋ ಕಣ್ಣು ಮುಚ್ಚಿದರು. ಮೊಳೆ! ಹಾರಾಟದ ಉಡುಪು, ಕೂದಲು ಗಂಟು, ಮುಖ ಕಪ್ಪಾಗಿದೆ. ಇನ್ನೂ ಸಣ್ಣಗಾಗಿದ್ದಾಳೆ. ಎಲ್ಲರೆದುರು ತಬ್ಬಿಕೊಳ್ಳಲು ನಾಚಿಕೆ ಅವಳಿಗೆ, ನನ್ನ ಕಿರುಬೆರಳು ಹಿಡಿದುಕೊಂಡು ನಿಂತಳು.

‘ಬಾ, ಹತ್ತೋದು ತೋರಿಸ್ತೀನಿ’ ಎಂದಳು. ರೆಕ್ಕೆಯ ಬುಡಕ್ಕೆ ಹೋಗಿ, ಶೂ ತುದಿಯನ್ನು ಒಂದು ಕಡೆ ಒಳಗೆ ತೂರಿಸಿ, ಒಂದೇ ನೆಗೆತಕ್ಕೆ ಮೇಲೆ.

ಅವಳು ಶೂ ಇಟ್ಟಿದ್ದು ನನ್ನ ಉಬ್ಬಿನ ಜಾಗದಲ್ಲಿ. ಅದು ಉಬ್ಬಲ್ಲ. ಗುಳಿ. ಕಾಲಿಡುವ ಗುಳಿ!

ಹೇಗಾಯಿತು ಎಂದರೆ — ನಮ್ಮ ವಿಭಾಗದಲ್ಲಿ ಎಲ್ಲರ ದೀಪವೂ ಎಡಗಡೆ, ಮೇಲೆ. ಮೊದಲ ದಿನದಿಂದಲೂ ಹಾಗೇ. ಎಡಕ್ಕೆ ಬೆಳಕು, ಬಲಕ್ಕೆ ನೆರಳು ಇದ್ದರೆ ಉಬ್ಬು. ಕಣ್ಣು ಬೇರೆ ಪ್ರಶ್ನೆಯನ್ನೇ ಕೇಳುವುದಿಲ್ಲ. ಆ ಫೋಟೋ ತೆಗೆದದ್ದು ಸಂಜೆ, ಸೂರ್ಯ ಬಲಗಡೆ ಕೆಳಗಿದ್ದಾಗ. ಎಲ್ಲಾ ತಿರುವುಮುರುವು. ಸಮಿತಿಯಲ್ಲಿ ಕೂತವರಿಗೂ ಹೊಳೆಯಲಿಲ್ಲ. ಹೇಳಿದೆ. ಮೊಳೆ ರೆಕ್ಕೆಯ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

‘ಅಮ್ಮಾ! ಅಲ್ಲಿ ಉಬ್ಬು ಇದ್ದಿದ್ರೆ ನಾನು ದಿನಾ ಮೂತಿ ಜಜ್ಜಿಸ್ಕೋತಿದ್ದೆ.’

ಎರಡು ತಿಂಗಳಿಂದ ಕೇಳದ ನಗು. ಹೇಳಬೇಕೆಂದಿದ್ದ ಮಾತನ್ನು ಆಮೇಲೆ ಹೇಳೋಣ ಎಂದುಕೊಂಡೆ.

ಅಷ್ಟರಲ್ಲಿ ಮೀಸೆಯವರು ಬಂದರು. ಮೀಸೆ ನಿಜಕ್ಕೂ ದೊಡ್ಡದು. ನಮಸ್ಕಾರ ಮಾಡಿದರು. ‘ಈಗ ಇವಳ ಅಭ್ಯಾಸದ ಸರದಿ ತಾಯಿ. ಆ ಬೇಲಿ ಹತ್ತಿರ ನಿಂತ್ಕೊಂಡು ನೋಡಿ’ ಎಂದರು.

ನಿಂತೆ. ಎಂಜಿನ್ ಕೆಮ್ಮಿತು, ಹಿಡಿಯಿತು. ಪ್ರೊಪೆಲ್ಲರ್ ಮಾಯವಾಗಿ ಗಾಳಿಯಲ್ಲಿ ಬರಿ ಒಂದು ಮಸುಕು ಬಿಲ್ಲೆ. ರನ್‌ವೇಯ ತುದಿಗೆ ಹೋಗಿ ತಿರುಗಿ ನಿಂತಿತು. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಓಡಿಬಂತು. ನನ್ನ ಮುಂದಿನಿಂದಲೇ ಹೋಯಿತು. ಗಾಜಿನೊಳಗೆ ಅವಳ ತಲೆ ಕಂಡಿತು, ಪಕ್ಕದ ಮೀಸೆಯೂ. ಮೂಗಿನ ಚಕ್ರ ಎದ್ದಿತು. ಆಮೇಲೆ ಮಿಕ್ಕವೂ ಎದ್ದವು. ಚಕ್ರಕ್ಕೂ ನೆಲಕ್ಕೂ ನಡುವೆ ಒಂದು ಬೆಳಕಿನ ಗೆರೆ. ಒಂದು ಕೂದಲೆಳೆ, ಒಂದು ಬೆರಳು, ಒಂದು ಆಳು... ಆಮೇಲೆ ಬರಿ ಆಕಾಶ.

ನಾನು ಜೀವಮಾನವೆಲ್ಲ ಕೂದಲೆಳೆಯಷ್ಟು ಎತ್ತರ ತಗ್ಗು ಮಾಡಿ ಅನ್ನ ತಿಂದವಳು. ಎತ್ತರ ಎಂದರೆ ಏನು ಎಂದು ಇವತ್ತು ಕಂಡೆ. ಇವಳು ನನ್ನ ಹೊಟ್ಟೆಯಲ್ಲಿದ್ದಳೇ? ಈ ಹುಡುಗಿಗೆ ಹಾಲು ಜೀರ್ಣವಾಗುವುದಿಲ್ಲ ಎಂದು ನಾನು ಡಾಕ್ಟರ ಮನೆಗೆ ಅಲೆದಿದ್ದೆನೇ? ಬೇಲಿ ಹಿಡಿದುಕೊಂಡೆ.

ಸುತ್ತು ಹೊಡೆದು ಇಳಿಯಲು ಬಂದಳು. ಕೆಳಗೆ, ಇನ್ನೂ ಕೆಳಗೆ. ಮೂಗು ಎತ್ತಲಿಲ್ಲ. ಧಡ್! ಪುಟಿಯಿತು. ಮತ್ತೆ ಎಂಜಿನ್ ಕೂಗಿತು, ಮತ್ತೆ ಮೇಲೆ. ಮತ್ತೆ ಬಂದಳು. ಈ ಸಲ ಯಾರೋ ‘ಎತ್ತೇ! ಎತ್ತೇ ಮೊಳೇ!’ ಎಂದು ಕಿರುಚಿದರು. ಬೇಲಿಯ ಪಕ್ಕ ಅಗ್ನಿಶಾಮಕ ಗಾಡಿಯ ಡ್ರೈವರ್ ತಿರುಗಿ ನನ್ನನ್ನೇ ನೋಡಿದ. ಆಗ ಗೊತ್ತಾಯಿತು, ಕಿರುಚಿದ್ದು ನಾನು.

ಇಳಿದ ಮೇಲೆ ಮೀಸೆಯವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಕೈ ಬಂಗಾರದಂಥದ್ದು ತಾಯಿ. ಆದರೆ ನೆಲ ಹತ್ತಿರ ಬಂದ ಕೂಡಲೇ ಕಣ್ಣು ವಿಮಾನದ ಮೂಗಿನ ಕೆಳಗಿನ ನೆಲಕ್ಕೇ ಅಂಟಿಕೊಳ್ಳುತ್ತೆ. ದೂರ ನೋಡು ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು.’

ನನಗೆ ಗೊತ್ತು ಅದು ಯಾರ ಕಣ್ಣು ಎಂದು. ಸ್ಕೂಲು ಬಿಟ್ಟು ಬಂದು ನನ್ನ ಮೇಜಿನ ಪಕ್ಕ ಕೂತು, ನಾನು ಮನೆಯಲ್ಲಿ ತಾಮ್ರದ ತಗಡು ಕೆತ್ತುವುದನ್ನು ಮೂಗು ತಾಗಿಸಿ ನೋಡುತ್ತಾ ಬೆಳೆದವಳು. ಹತ್ತಿರದ್ದನ್ನು ನೋಡು, ಇನ್ನೂ ಹತ್ತಿರ ನೋಡು — ನಾನೇ ಹೇಳುತ್ತಿದ್ದೆ.

ಹೊರಡುವ ಹೊತ್ತಿಗೆ ಇಬ್ಬರೇ ಸಿಕ್ಕೆವು. ಶೆಡ್ಡಿನ ಹಿಂದೆ, ನಲ್ಲಿಯ ಹತ್ತಿರ. ಮುಖ ತೊಳೆಯುತ್ತಿದ್ದಳು. ಈಗ ಹೇಳಬೇಕು, ಬಾ ಎನ್ನಬೇಕು. ಬಾಯಿ ತೆರೆದೆ.

‘ಮೊಳೆ, ನಾನು ಗೆರೆ ಎಳೆಯೋವಾಗ ಉಳಿ ತುದಿ ನೋಡ್ತೀನಾ?’

ನೀರು ಸುರಿಯುವ ಮುಖ ಎತ್ತಿ ನೋಡಿದಳು.

‘ಉಳಿ ತುದಿ ನೋಡಿದ್ರೆ ಗೆರೆ ಸೊಟ್ಟ ಹೋಗುತ್ತೆ ಕಣೇ. ಗೆರೆ ಎಲ್ಲಿ ಹೋಗಿ ಮುಟ್ಟಬೇಕೋ ಅಲ್ಲಿ ನೋಡ್ತೀನಿ. ಉಳಿ ಕೆಲಸ ಕೈಗೆ ಬಿಟ್ಟುಬಿಡ್ತೀನಿ. ನಿಂಗೆ ಅದನ್ನ ಹೇಳ್ಕೊಟ್ಟೇ ಇರಲಿಲ್ಲ.’

ಅವಳು ಒದ್ದೆ ಮುಖವನ್ನು ನನ್ನ ಸೆರಗಿಗೇ ಒರೆಸಿಕೊಂಡಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ. ಸೆರಗು ಇನ್ನೂ ಒದ್ದೆ ಇದೆ.

ಮಾರ್ಚ್ ೧೨, ಬುಧವಾರ

ಲೆನ್ಸ್ ಸಾಹೇಬರಿಗೆ ತಪ್ಪು ಒಪ್ಪಿಸಿದೆ. ಭೂತಗನ್ನಡಿ ಇಳಿಸಿ ಮೂಲ ಅಚ್ಚನ್ನು ಬಹಳ ಹೊತ್ತು ನೋಡಿದರು.

‘ಇದಾ? ಸಾಸಿವೆಯಷ್ಟೂ ಇಲ್ಲ. ಯಾರಿಗಮ್ಮ ಕಾಣುತ್ತೆ?’

‘ಹತ್ತೋವಾಗ ಕಾಲು ಜಾರುತ್ತೆ ಸಾರ್.’

‘ಯಾರದ್ದು?’

ಕೇಳಿದ ಮೇಲೆ ಅವರಿಗೇ ತಿಳಿಯಿತು. ಉಕ್ಕಿನಿಂದ ಒಮ್ಮೆ ತೆಗೆದದ್ದನ್ನು ಮತ್ತೆ ತುಂಬಲಾಗುವುದಿಲ್ಲ. ಕೈ ಜಾರಿದರೆ ರೆಕ್ಕೆಯೇ ಹೋಯಿತು, ಮುದುಕನ ಮೇಲೆ ಮತ್ತೆ ಮೊದಲಿಂದ, ಬಿಡುಗಡೆಯ ದಿನಾಂಕಕ್ಕೆ ಎಳ್ಳುನೀರು. ಇದೆಲ್ಲ ಅವರು ಹೇಳಬೇಕಿತ್ತು, ಹೇಳಲಿಲ್ಲ. ಶುಕ್ರವಾರ ಹದಕ್ಕೆ ಹೋಗಬೇಕು, ಅಷ್ಟರೊಳಗೆ ಮುಗಿಸಿ ಎಂದರು.

ಮಾರ್ಚ್ ೧೩, ಗುರುವಾರ

ಮುಗಿಯಿತು. ಮೊದಲು ಉಬ್ಬನ್ನು ಸವರಿ ಸಮ ಮಾಡಿದೆ. ಆಮೇಲೆ ಸೂಜಿಯಂಥ ಉಳಿಯಿಂದ ಗುಳಿ. ಮೈಕ್ರೋಸ್ಕೋಪಿನ ಕೆಳಗೆ ನನ್ನ ಕೈಯೇ ಯಾರೋ ರಾಕ್ಷಸನ ಕೈ ಹಾಗೆ ಕಾಣುತ್ತದೆ. ಉಸಿರು ಬಿಡುವಾಗ ಮಾತ್ರ ಕೆರೆಯುವುದು. ವಿಭಾಗದವರೆಲ್ಲ ಕೆಲಸ ನಿಲ್ಲಿಸಿದ್ದರಂತೆ, ನನಗೆ ಗೊತ್ತಾಗಲಿಲ್ಲ.

ಕೆರೆದ ಉಕ್ಕು ಬೆರಳ ತುದಿಯಲ್ಲಿ ಅಂಟಿಕೊಂಡಿತು, ಕಣ್ಣಿಗೆ ಕಾಣದಷ್ಟು. ಬೆಳಕಿಗೆ ಹಿಡಿದು ನೋಡಿದೆ. ಇಷ್ಟೇ ಇಷ್ಟು ಜಾಗ ಸಾಕು, ಒಂದು ಹುಡುಗಿ ಮೇಲೆ ಹೋಗಲು!

ಲೆನ್ಸ್ ಸಾಹೇಬರು ನೋಡಿ ‘ಹತ್ತಬಹುದು’ ಎಂದರು.

ಮಾರ್ಚ್ ೨೪, ಸೋಮವಾರ

ನಿನ್ನೆ ಭಾನುವಾರ, ಫೋನಿಲ್ಲ. ಅದರ ಹಿಂದಿನ ಭಾನುವಾರವೂ ಇಲ್ಲ. ಇವರು ವಿಚಾರಿಸಿದರು. ಗಾಳಿ ಹೆಚ್ಚಂತೆ, ಪರೀಕ್ಷೆ ಮುಂದಕ್ಕೆ ಹೋಗಿದೆಯಂತೆ, ಮುಗಿಯುವ ತನಕ ಫೋನೂ ಇಲ್ಲವಂತೆ.

ನಮ್ಮ ತಂತಿಯ ಮೇಲಿನ ಬಟ್ಟೆಗಳನ್ನೇ ನೋಡುತ್ತಾ ನಿಂತಿದ್ದೆ. ಅಂಗಿಯ ತೋಳು ಅಡ್ಡಡ್ಡ ಹಾರುತ್ತಿತ್ತು. ‘ನಿಲ್ಲು’ ಎಂದೆ ಗಾಳಿಗೆ. ಪಕ್ಕದ ಮನೆಯಾಕೆ ಇಣುಕಿ ನೋಡಿ ಒಳಗೆ ಹೋದಳು.

ಮಾರ್ಚ್ ೩೦, ಭಾನುವಾರ

ದೀಪ ಹಚ್ಚಿದೆ. ಈ ಸಲ ಬಾಯಿ ಮನಸ್ಸು ಎರಡೂ ಒಂದೇ ಕೇಳಿದವು. ಕೇಳಿ ಮುಗಿದ ಮೇಲೆ ಭಯಕ್ಕೆ ಅಲ್ಲೇ ಕೂತುಬಿಟ್ಟೆ. ಪಾಸಾದರೆ ಒಬ್ಬಳೇ ಹೋಗುತ್ತಾಳೆ, ಇವತ್ತಲ್ಲ, ನಾಳೆಯಲ್ಲ, ಜೀವಮಾನವಿಡೀ ಹೋಗುತ್ತಾಳೆ. ಅದನ್ನೇ ಕೊಡು ಎಂದು ನಾನೇ ಕೇಳಿದ್ದೇನೆ.

ಏಪ್ರಿಲ್ ೩, ಗುರುವಾರ. ಬೆಳಿಗ್ಗೆ

ಗಾಳಿ ಇಲ್ಲ. ಎಲೆ ಅಲುಗುತ್ತಿಲ್ಲ. ಮೀಸೆಯವರು ಇವರಿಗೆ ಸುದ್ದಿ ಕಳಿಸಿದ್ದಾರೆ: ಇವತ್ತೇ.

ನನ್ನ ನಾಣ್ಯದ ಮೊದಲ ಮುದ್ರಣವೂ ಇವತ್ತೇ. ರಜೆ ಹಾಕಲೇ ಎಂದೆ. ‘ಮನೇಲಿ ಕೂತು ಏನ್ಮಾಡ್ತೀಯ, ಗೋಡೆ ಕೆತ್ತುತೀಯಾ? ಹೋಗು’ ಎಂದರು ಇವರು. ಅವರೂ ಖಾಲಿ ಲೋಟದಿಂದಲೇ ಟೀ ಹೀರುತ್ತಿದ್ದರು.

ಏಪ್ರಿಲ್ ೩. ಸಂಜೆ

ಪ್ರೆಸ್ಸಿನ ಹಾಲಿಗೆ ಹೋದಾಗ ಫೈಟರ್‌ಗಳ ಮುದ್ರಣ ಮುಗಿದಿತ್ತು. ಎಲ್ಲರೂ ಅವನ್ನೇ ಸುತ್ತುವರಿದಿದ್ದರು. ಚೂಪು ಮೂಗು, ಬೆಂಕಿ ಬಾಲ. ಚೆನ್ನಾಗಿದ್ದವು, ಹೊಟ್ಟೆಕಿಚ್ಚಿಲ್ಲ. ನನ್ನದಕ್ಕೆ ಉಳಿದವರು ಮೂವರು. ಪ್ರೆಸ್ ನಡೆಸುವಾತ, ಲೆನ್ಸ್ ಸಾಹೇಬರು, ನಾನು.

ಬೆಳ್ಳಿ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಇಟ್ಟರು. ಕನ್ನಡಿಯಂತೆ ಖಾಲಿ. ಅದರಲ್ಲಿ ನನ್ನ ಗಲ್ಲ ಕಂಡಿತು. ಪ್ರೆಸ್ ಇಳಿಯಿತು. ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಬಂತು, ಕಾಂಕ್ರೀಟಿನ ಮೂಲಕ. ಮತ್ತೊಮ್ಮೆ ಇಳಿಯಿತು. ಎದ್ದಿತು.

ಏನೂ ಇಲ್ಲದ ಕಡೆ ವಿಮಾನ ಇತ್ತು. ಹೊಳೆಯುವ ಆಕಾಶದಲ್ಲಿ ಅದೊಂದೇ, ಮೂಗು ತುಸು ಮೇಲೆತ್ತಿ. ಗಾಜಿನೊಳಗೆ ಎರಡು ಸೀಟು. ಲೆನ್ಸ್ ಸಾಹೇಬರು ಹಣೆಯ ಮೇಲಿನದನ್ನು ತೆಗೆದೇಬಿಟ್ಟರು. ಬರಿಗಣ್ಣಲ್ಲಿ ನೋಡಿದರು. ಪ್ರೆಸ್ಸಿನಾತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ನನ್ನ ಕಣ್ಣು ಗಡಿಯಾರದ ಮೇಲಿತ್ತು. ಅಲ್ಲಿ ಇಷ್ಟು ಹೊತ್ತಿಗೆ ಮುಗಿದಿರುತ್ತದೆ. ಹೇಗೋ ಒಂದು ಮುಗಿದಿರುತ್ತದೆ.

ಗಂಟೆ ಹೊಡೆಯಿತು. ಓಡಿದೆ. ನನ್ನ ವಯಸ್ಸಿಗೆ ತಕ್ಕ ಓಟವಲ್ಲ. ಗೇಟಿನಲ್ಲಿ ಕೈ ಎತ್ತಿ ನಿಂತೆ, ತಡಕಿದರು, ಬಿಟ್ಟರು, ಫೋನ್ ಕೊಟ್ಟರು. ಮೊಳೆಯ ಮಿಸ್ಡ್ ಕಾಲ್‌ಗಳು, ಸಾಲಾಗಿ. ಇವರದು ಒಂದೂ ಇಲ್ಲ. ಇವರಿಗೆ ಗೊತ್ತಾಗಿ, ನನಗೆ ಹೇಳಲಾಗದೆ ಸುಮ್ಮನಿದ್ದಾರೆ ಎಂದೇ ಅಂದುಕೊಂಡೆ.

ಅಲ್ಲೇ ಕಾವಲಿನವರ ಬೆಂಚಿನ ಮೇಲೆ ಕೂತು ಮಾಡಿದೆ. ಎತ್ತಿದಳು. ಉಸಿರು ಮಾತ್ರ ಕೇಳಿಸಿತು.

‘ಮೊಳೆ?’

‘ಅಪ್ಪಂಗೂ ಹೇಳಿಲ್ಲ. ಮೊದಲು ನಿಂಗೇ ಅಂತ ಕಾಯ್ತಿದ್ದೆ. ಆರು ಸಲ ಮಾಡಿದೆ ಅಮ್ಮ, ನಿಮ್ಮ ಆ ಹಾಳು ಗೇಟು...’ ಎಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ. ‘ಇಳಿಸಿದೆ. ದೂರ ನೋಡಿದೆ, ತುದೀಲಿರೋ ಮರ ನೋಡಿದೆ. ಯಾವಾಗ ತಾಗಿತು ಅಂತಾನೇ ಗೊತ್ತಾಗ್ಲಿಲ್ಲ. ಮೀಸೆಯವರು ಬೆಲ್ಟ್ ಬಿಚ್ಚಿ ಇಳಿದುಬಿಟ್ಟರು. ಬಾಗಿಲು ಹಾಕಿ, ಹೋಗು ಅಂದರು.’

‘ಒಬ್ಬಳೇನಾ?’

‘ಒಬ್ಬಳೇ.’

ಕಾವಲಿನ ಹೆಂಗಸು ನೀರಿನ ಲೋಟ ತಂದು ಹಿಡಿದಳು. ಕುಡಿಯಲು ಮರೆತೆ.

‘ಅಮ್ಮ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನಾನು ಫೇಲಾಗಿ ಬರ್ಲಿ ಅಂತ ಇತ್ತಲ್ವಾ ನಿಂಗೆ?’

ಸುಳ್ಳು ಹೇಳಬಹುದಿತ್ತು. ಇವತ್ತಿನಂಥ ದಿನ ಯಾರಾದರೂ ಹೇಳಿಯಾರು.

‘ಇತ್ತು’ ಎಂದೆ.

‘ಗೊತ್ತಿತ್ತು ನಂಗೆ. ನೀನು ಪೆಟ್ಟಿಗೆ ತುಂಬಿದ ದಿನಾನೇ ಗೊತ್ತಿತ್ತು. ಆದ್ರೂ ತುಂಬಿದೆಯಲ್ಲ. ಈಗ?’

ಹೆದರಿಕೆ ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ. ಅದರ ಮೇಲೆ ಇನ್ನೇನೋ ಬಂದು ಕೂತಿತ್ತು, ಅದಕ್ಕಿಂತ ಬಹಳ ದೊಡ್ಡದು.

‘ಈಗ ಎಲ್ಲಾ ಹೇಳು. ಒಂದೂ ಬಿಡ್ಬೇಡ. ಮೀಸೆಯವರು ಬಾಗಿಲು ಹಾಕಿದ್ರು, ಆಮೇಲೆ?’

ಹೇಳಿದಳು. ಪಕ್ಕದ ಸೀಟಿನ ಖಾಲಿ ಬೆಲ್ಟುಗಳನ್ನು ಕಟ್ಟಿಟ್ಟಳಂತೆ. ಕನ್ನಡಿಯಲ್ಲಿ ತನ್ನ ಮುಖ ನೋಡಿ ಯಾರಿವಳು ಎನ್ನಿಸಿತಂತೆ. ರನ್‌ವೇಯ ತುದಿಗೆ ಹೋಗಿ ತಿರುಗಿದಳಂತೆ, ರೇಡಿಯೋದಲ್ಲಿ ಹೋಗಬಹುದು ಎಂದರಂತೆ. ಎಂಜಿನ್ನಿನ ಹಿಡಿ ಮುಂದಕ್ಕೆ ತಳ್ಳಿದಳು. ಓಡಿತು. ಒಬ್ಬರ ಭಾರ ಕಡಿಮೆಯಲ್ಲವೇ, ಅಂದುಕೊಂಡದ್ದಕ್ಕಿಂತ ಬೇಗ ಹಗುರಾಯಿತಂತೆ. ಬೆಂಚಿನ ಮೇಲೆ ಕೂತಿದ್ದ ನಾನು ಎದ್ದು ನಿಂತಿದ್ದೆ. ಗೇಟಿನಿಂದ ಜನ ಹೊರಗೆ ಬರುತ್ತಿದ್ದರು, ನನ್ನ ಎರಡೂ ಕಡೆಯಿಂದ ಹರಿದು ಹೋಗುತ್ತಿದ್ದರು.

‘ಮತ್ತೆ ಚಕ್ರ ನೆಲ ಬಿಡ್ತು ಅಮ್ಮ’ ಎಂದಳು, ‘ಆವಾಗ—’